ಕರಿಬಸವಯ್ಯನ ಗಂಟಲು

ಅರಸೀಕೆರೆ ಬಸ್ ನಿಲ್ದಾಣದ ಎದುರು ಔಷಧಿ ಅಂಗಡಿ ಇಟ್ಟಿರುವ ಕರಿಬಸವಯ್ಯನಿಗೆ ಡಾಕ್ಟರ ಚೀಟಿಯನ್ನು ಮನಸ್ಸಿನಲ್ಲೇ ಓದಿಕೊಳ್ಳಲು ಬರುವುದಿಲ್ಲ. ಹಣೆಯಲ್ಲಿ ವಿಭೂತಿ, ಕಿವಿಯ ಮೇಲೆ ಪೆನ್ನು, ಬಾಯಲ್ಲಿ ಊರವರ ಕಾಯಿಲೆ. ಮೂಲವ್ಯಾಧಿಯ ಮುಲಾಮು ಬೇಕೇ ಎಂದು ಅವನು ಕೂಗಿದರೆ ಗಂಡಸಿ ಊರಿಗೆ ಹೊರಟ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬರುತ್ತವೆ. ಉಳಿದವರಿಗೆ ಇದು ನಗು. ಮನೆಯಲ್ಲಿ ಗಂಡು ನೋಡುತ್ತಿದ್ದ ಶ್ಯಾಮಲಾಗೆ ಮಾತ್ರ ಮೈಯೆಲ್ಲ ಉರಿ. ಅವಳ ಮುಟ್ಟು ತಿಂಗಳುಗಟ್ಟಲೆ ನಿಂತು ಗಲ್ಲದ ಮೇಲೆ ಕೂದಲು ಮೂಡಿದಾಗ, ಹಾಸನದ ಡಾಕ್ಟರಮ್ಮ ಇದು ಅಂಡಾಶಯದ ತೊಂದರೆ, ಇನ್ಸುಲಿನ್ ಮೈಗೆ ಸರಿಯಾಗಿ ಹತ್ತುತ್ತಿಲ್ಲ, ಸಕ್ಕರೆ ಕಾಯಿಲೆಯಲ್ಲ ಎಂದು ಬಿಡಿಸಿ ಹೇಳಿ, ಸಕ್ಕರೆ ಕಾಯಿಲೆಗೂ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟಿದ್ದರು. ಶ್ಯಾಮಲಾ ಅದನ್ನೇ ಎಷ್ಟು ಸಲ ಹೇಳಿದರೂ ಕರಿಬಸವಯ್ಯ, "ಏನವ್ವ, ಮದ್ವೆಗೆ ಮುಂಚೇನೇ ಸಕ್ಕರೆ ಕಾಯ್ಲೆ ಅಂಟಿಸ್ಕಂಡಿದೀಯಲ್ಲ! ಲಾಡು ಕಮ್ಮಿ ತಿನ್ನು" ಎಂದು ಬೀದಿಗೆಲ್ಲ ಕೇಳಿಸುತ್ತಿದ್ದ. ಆ ಕೂಗು ಜಾವಗಲ್‌ವರೆಗೂ ಹೋಗಿ, ಅಲ್ಲಿಂದ ಅವಳನ್ನು ನೋಡಲು ಬರಬೇಕಿದ್ದ ಗಂಡಿನವರು ಬರಲಿಲ್ಲ. ಮಾತ್ರೆಯನ್ನೇ ಬಿಟ್ಟುಬಿಡು ಎಂದು ಅವ್ವ ಹಟ ಹಿಡಿದಳು. ಶ್ಯಾಮಲಾ ಬಿಡಲಿಲ್ಲ. ಹೊಟ್ಟೆ ತೊಳಸಿದರೂ ಊಟದ ಜೊತೆ ನುಂಗಿದಳು, ಮುಟ್ಟು ಮರಳಿತು. ಮೊನ್ನೆ, ಇವನನ್ನು ಬೈದೇ ತೀರುತ್ತೇನೆಂದು ಅಂಗಡಿಗೆ ಹೋದಾಗ ಬೇರೆ ಗಿರಾಕಿ ಇರಲಿಲ್ಲ. ಕರಿಬಸವಯ್ಯ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ, ಬೀದಿಯತ್ತ ಒಮ್ಮೆ ನೋಡಿ ಪಿಸುಗುಟ್ಟಿದ: "ಇದ್ರಲ್ಲಿ ಗುಣ ಕಂಡ್ತೇನವ್ವ? ನಮ್ ಮಗಳು ಉಷಾರಾಣಿಗೂ ಹಿಂಗೇ ಆಗೈತೆ. ಯಾರಿಗೂ ಹೇಳ್ಬ್ಯಾಡ." ಈ ಗಂಟಲಿಗೆ ತಗ್ಗುವುದೂ ಗೊತ್ತಿದೆ ಎಂದು ತಿಳಿದು ಅವಳ ಸಿಟ್ಟು ನೆತ್ತಿಗೇರಿತು. ಊರಿಗೆಲ್ಲ ಕೇಳುವಂತೆ ಕೂಗಲು ಬಾಯಿ ತೆರೆದಳು. ಉಷಾರಾಣಿಯ ಮುಖ ಕಣ್ಣಮುಂದೆ ಬಂತು. "ಗುಣ ಕಂಡೈತೆ. ಮೊದ್ಲು ಡಾಕ್ಟರಮ್ಮಂಗೆ ತೋರ್ಸಿ" ಎಂದು ಹಲ್ಲು ಕಚ್ಚಿಕೊಂಡು, ಅವನಿಗಿಂತಲೂ ಮೆಲ್ಲಗೆ ಹೇಳಿದಳು.