ಮಳೆ ನೋಡಿ ಮತ್ತಿ ಎಣಿಸಿದವರು

ನನ್ನ ಅಕ್ಷರ ಸೊಟ್ಟಗಿದೆ, ಮಾತೂ ಹೆಚ್ಚು ಗೊತ್ತಿಲ್ಲ. ದಯವಿಟ್ಟು ಹೊಂದಿಸಿಕೊಂಡು ಓದಿ.

ಕುಟ್ಟದ ಸೈನಬಾ ಅವರನ್ನು ಕಾಫಿ ಎಸ್ಟೇಟಿನ ಲೈನ್ ಮನೆಗಳವರೆಲ್ಲ ಅಕ್ಕ ಎಂಬರ್ಥದಲ್ಲಿ ಇತ್ತಾ ಎನ್ನುತ್ತಾರೆ. ಗಂಡ ಸತ್ತ ಮೇಲೆ ಅವರು ಬದುಕಿದ್ದು ತಲಶ್ಶೇರಿಯಿಂದ ಬರುವ ಮತ್ತಿ ಮೀನನ್ನು ಲೈನಿಗೆ ಹೊತ್ತು ಮಾರಿಯೇ. ಅದೂ ನಿಂತರೆ, ನೋಯುವ ಸೊಂಟ ಕಟ್ಟಿಕೊಂಡು ಕಾಫಿ ಪಿಕ್ಕಿಂಗೇ ಗತಿ.

ನಡು ಮಳೆಗಾಲದ ಕಕ್ಕಡ ತಿಂಗಳಲ್ಲಿ ಮಳೆ ಬಿಡದೆ ಹೊಯ್ದಾಗ ಅವರಿಗೆ ಖುಷಿಯೋ ಖುಷಿ. ಗುಡ್ಡದಲ್ಲೇ ಇಷ್ಟು ಮಳೆಯಾದರೆ ಕಡಲಲ್ಲಿ ಮತ್ತಿ ಕೊಬ್ಬಿರಲೇಬೇಕು ಎಂದುಕೊಂಡು, "ಈ ಸಲ ಕೊಬ್ಬು ತುಂಬಿದ ನೆಯ್ ಮತ್ತಿ ತರ್ತೀನಿ" ಎಂದು ಮನೆಮನೆಗೂ ಮಾತು ಕೊಟ್ಟರು.

ಮಳೆಗಾಲ ಕಳೆದು ಬಂದದ್ದು ಬೆರಳುದ್ದದ, ಬರೀ ಮುಳ್ಳಿನ ಮೀನು.

"ಏನಿತ್ತಾ, ಇದು ಮತ್ತಿಯಾ, ಮತ್ತಿಯ ಮೊಮ್ಮಗನಾ?" ಎಂದು ಲೈನಿನ ಸೆಲ್ವಿ ನಕ್ಕಳು. "ನಮ್ ಬೆಕ್ಕಿಗೂ ಮುಳ್ಳು ಚುಚ್ಚುತ್ತೆ!"

ಇತ್ತಾ ನಗಲಿಲ್ಲ. ಮೀನಿನ ಗಾಡಿಯ ಹಂಸ ಬೆಳಿಗ್ಗೆಯೇ ಅವರಿಗೆ ಹೇಳಿದ್ದ: "ಮಳೆ ಅಲ್ಲ ಇತ್ತಾ, ಗಾಳಿ ಬೇಕು. ದಡದ ಉದ್ದಕ್ಕೂ ಜೋರಾಗಿ ಬೀಸಿ ಮೇಲಿನ ನೀರನ್ನ ಆಚೆ ತಳ್ಳಿದ್ರೆ ಅಡಿಯ ತಣ್ಣೀರು ಮೇಲೆ ಬರೋದು. ಮತ್ತಿಗೆ ತಿನ್ನೋಕೆ ಸಿಗೋದು ಆಗ್ಲೇ. ಈ ಸಲ ಗಾಳಿನೇ ಕೈಕೊಡ್ತು."

ಮುಂದಿನ ವಾರ ಎಷ್ಟು ಕೂಗಿದರೂ ಯಾರೂ ಪಾತ್ರೆ ಹಿಡಿದು ಹೊರಗೆ ಬರಲಿಲ್ಲ. ಕೆಟ್ಟುಹೋದ ಮೀನನ್ನು ಇತ್ತಾ ಕಾಫಿ ಗಿಡದ ಬುಡದಲ್ಲಿ ಹೂತು, ಹಾಗೆಯೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಬಳಿ ಹೋಗಿ ಪಿಕ್ಕಿಂಗಿಗೆ ಹೆಸರು ಕೊಟ್ಟರು.

ಶಾಲೆ ಅರ್ಧಕ್ಕೆ ಬಿಟ್ಟ ಮೇಲೆ ನಾನೂ ಅದೇ ಎಸ್ಟೇಟಿನಲ್ಲಿ ಕೆಲಸಕ್ಕಿದ್ದೇನೆ. ನಾಳೆ ಅವರ ಪಕ್ಕದ ಸಾಲು ಹಿಡಿದು, ಅವರ ಚೀಲವನ್ನೂ ನಾನೇ ಹೊರುತ್ತೇನೆ.