ಬಾಣಂತಿಗೆ ಬಿಸಿನೀರು

ದೀಪಾವಳಿ ಮುಗಿಸಿಕೊಂಡು ಬುಕ್ಕಾಂಬುಧಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಮಟಮಟ ಮಧ್ಯಾಹ್ನ ಬಚ್ಚಲೊಲೆ ಧಗಧಗ ಉರೀತಿತ್ತು.

"ಈ ಹೊತ್ನಲ್ಲಿ ಯಾರಿಗೆ ಸ್ನಾನ?" ಅಂದೆ.

"ಸ್ನಾನಕ್ಕಲ್ಲ ಕಣೋ, ಶಾಂತಂಗೆ ಕೈ ತೊಳ್ಯೋಕೆ. ಬಾಣಂತಿ ತಣ್ಣೀರು ಮುಟ್ಬಾರ್ದಲ್ಲ!" ಅಂದಳು ಚಿಕ್ಕಮ್ಮ.

ಶಾಂತ ಅವಳ ಮಗಳು, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು. ದಿನವಿಡೀ ಸೋಪು ಹಚ್ಚಿ ತೊಳೆದು ಬೆರಳುಗಳು ಬಿರಿದು ರಕ್ತ ಜಿನುಗುತ್ತಿತ್ತು. ಮಗು ಅತ್ತಾಗ ಚಿಕ್ಕಮ್ಮನೇ ಎತ್ತಿ ಮಗಳ ಎದೆಗೆ ಹಿಡಿದಳು. ಶಾಂತ ಎರಡೂ ಕೈ ಮೇಲೆತ್ತಿಕೊಂಡು ಹಾಲು ಕುಡಿಸಿದಳು. ಹೆತ್ತ ಕೂಸನ್ನು ಅವಳಿನ್ನೂ ಕೈಯಿಂದ ಮುಟ್ಟಿಯೇ ಇರಲಿಲ್ಲ.

ಬೀದಿಯವರು (ಟೀವಿ ಬರದ ಊರು, ಸುದ್ದಿಗೇನು ಬರ?) ಆಗಲೇ ತೀರ್ಪು ಕೊಟ್ಟಿದ್ದರು. ಬಾಣಂತಿ ಸನ್ನಿ, ತಾಯತ ಕಟ್ಟಿಸಿ! ಕಟ್ಟಿಸಿದ್ದೂ ಆಗಿತ್ತು. ಶಾಂತ ಅದನ್ನೂ ತೊಳೆಯುತ್ತಿದ್ದಳು.

ಅಜ್ಜಂಪುರ, ಕಡೂರು ಅಂತ ಬಸ್ಸು ಬದಲಿಸಿ ಮೂವರೂ ಮಗುವಿನೊಂದಿಗೆ ದೊಡ್ಡಾಸ್ಪತ್ರೆಗೆ ಹೋದೆವು. ಮಾನಸಿಕ ವಿಭಾಗದ ಬೋರ್ಡು ಕಂಡದ್ದೇ ಚಿಕ್ಕಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. (ಕಾಲು ಮುರಿದರೆ ನಾವು ಹೀಗೆ ಮುಖ ಮುಚ್ಚುತ್ತೇವೆಯೇ?)

ಅಲ್ಲಿದ್ದ ನರ್ಸ್ ಗದರಲಿಲ್ಲ, ಬುದ್ಧಿ ಹೇಳಲಿಲ್ಲ. ಶಾಂತಳ ಕೈಗೆ ಮುಲಾಮು ಹಚ್ಚುತ್ತಾ ಕೇಳಿದರು, "ತೊಳೀದಿದ್ರೆ ಏನಾಗುತ್ತೆ ಅನ್ಸುತ್ತಮ್ಮಾ?"

"ಕೈಗೆ ವಿಷ ಅಂಟಿರುತ್ತೆ. ಮುಟ್ಟಿದ್ರೆ ಮಗು ಸತ್ತೋಗುತ್ತೆ. ಸುಳ್ಳು ಅಂತ ನಂಗೂ ಗೊತ್ತು ಸಿಸ್ಟರ್, ಮನಸ್ಸು ಕೇಳಲ್ಲ."

ಮಗು ಬೇಡವಾಗಿ ಅಲ್ಲ, ಮಗು ಬದುಕಲಿ ಅಂತ ಈ ಹುಡುಗಿ ದೂರ ಕೂತಿದ್ದಳು.

"ಇದು ಗೀಳು ಕಾಯಿಲೆ. ಹುಚ್ಚಲ್ಲ, ಗಾಳಿಯೂ ಅಲ್ಲ," ಅಂದ ನರ್ಸ್ ಚಿಕ್ಕಮ್ಮನತ್ತ ತಿರುಗಿದರು. "ನೀರು ಹಾಕೋರು ಯಾರು?"

"ನಾನೇ ತಾಯಿ. ಕೇಳ್ದಾಗೆಲ್ಲ ಹಾಕ್ತೀನಿ."

"ಹಾಕಿದಷ್ಟೂ ಭಯ ಬೆಳೆಯುತ್ತೆ ಅಮ್ಮ."

ಡಾಕ್ಟರು ಮಾತ್ರೆ ಬರೆದರು. ನರ್ಸ್ ಅಭ್ಯಾಸ ಶುರು ಮಾಡಿಸಿದರು. ಮೊದಲು ಮಗುವಿನ ಬಟ್ಟೆ ಮುಟ್ಟಿ, ಕೈ ತೊಳೆಯದೆ ಕೂರಬೇಕು. ಭಯ ಏರುತ್ತದೆ, ಏರಿದ್ದು ತಾನೇ ಇಳಿಯುತ್ತದೆ. ಇಳಿಯುವವರೆಗೆ ಯಾರಾದರೂ ಜೊತೆಗಿರಬೇಕು. ಬಟ್ಟೆ ಆಯಿತು, ಆಮೇಲೆ ಪುಟ್ಟ ಪಾದ. ವಾರ ವಾರ ತಾಯಿ ಮಗಳು ಹೋಗಿ ಬಂದರು.

ಮೊನ್ನೆ ಸಂಕ್ರಾಂತಿಗೆ ಹೋದಾಗ ಶಾಂತಳ ಮಡಿಲಲ್ಲಿ ಮಗುವಿತ್ತು. ಅವಳು ಗಡಗಡ ನಡುಗುತ್ತಿದ್ದಳು.

"ಅಮ್ಮಾ, ಒಂದೇ ಒಂದು ಚೊಂಬು ನೀರು ಹಾಕಮ್ಮಾ!"

ಚಿಕ್ಕಮ್ಮ ಎದ್ದೇಬಿಟ್ಟಳು. ಬಚ್ಚಲ ಬಾಗಿಲವರೆಗೆ ಹೋದಳು, ನಿಂತಳು, ತಿರುಗಿ ಬಂದು ಮಗಳ ಪಕ್ಕ ಕೂತಳು.

"ಇಲ್ಲ ಕಣವ್ವ. ನಾನು ಇಲ್ಲೇ ಇರ್ತೀನಿ. ನೀರು ಮಾತ್ರ ಹಾಕಲ್ಲ."

ಇಬ್ಬರೂ ಅತ್ತರು. ಬಹಳ ಹೊತ್ತಿನ ಮೇಲೆ ಶಾಂತಳ ನಡುಕ ಇಳಿಯಿತು. ಮಗು ಅಷ್ಟರಲ್ಲಿ ಅವಳ ಮಡಿಲಲ್ಲೇ ನಿದ್ದೆ ಹೋಗಿತ್ತು.

ಅಳುವ ಮಗಳಿಗೆ ಒಂದು ಚೊಂಬು ನೀರು ಇಲ್ಲ ಅನ್ನುವಷ್ಟು ಪ್ರೀತಿ ನಮ್ಮಲ್ಲಿ ಎಷ್ಟು ಜನಕ್ಕಿದೆ, ಹೇಳಿ?