ನಾನು ಹೆದರುವ ಸಂಖ್ಯೆ

ಮೊನ್ನೆ ಕೊರಿಯರ್‌ನವರು ಕೊಟ್ಟ ಚೀಟಿಯ ಮೂಲೆಯಲ್ಲಿ 30031 ಎಂದಿತ್ತು. ಹೊಸ ಸೀರೆ ಬಂದ ಸಂತೋಷ ಅಲ್ಲೇ ಇಳಿದುಹೋಯಿತು. ಹಾವಿಗೆ, ಹಲ್ಲಿಗೆ ಹೆದರುವವರನ್ನು ನೀವು ನೋಡಿರುತ್ತೀರಿ. ಸಂಖ್ಯೆಗೆ ಹೆದರುವ ಗಣಿತದ ಟೀಚರನ್ನು ನೋಡಿರಲಾರಿರಿ, ನಾನೇ ಅವಳು.

ಎರಡು ಸಾವಿರದ ಇಸವಿಯ ಈಚಿನ ಮಾತು. ಶಿಡ್ಲಘಟ್ಟದ ಒಂದು ಹೈಸ್ಕೂಲಿಗೆ ಹೊಸದಾಗಿ ಸೇರಿದ್ದೆ, ಕೆಲಸ ಕಾಯಂ ಆಗಿರಲಿಲ್ಲ. ಹೆಡ್‌ಮಾಸ್ಟರು ಎದುರು ಬಂದರೆ ನನಗೆ ಮಗ್ಗಿಯೂ ಮರೆಯುತ್ತಿತ್ತು. ಆದರೆ ತರಗತಿಯೊಳಗೆ ನನ್ನ ಜಂಬವೇ ಬೇರೆ. ಒಂದು ದಿನ ಅವಿಭಾಜ್ಯ ಸಂಖ್ಯೆಗಳ ಪಾಠ. ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವಂಥವು, ನಿಮಗೂ ನೆನಪಿರಬಹುದು. ಎರಡು, ಮೂರನ್ನು ಗುಣಿಸಿ ಒಂದು ಕೂಡಿಸಿದರೆ ಏಳು. ಐದನ್ನೂ ಸೇರಿಸಿ ಗುಣಿಸಿ ಒಂದು ಕೂಡಿಸಿದರೆ ಮೂವತ್ತೊಂದು. ಹಾಗೆಯೇ ಏಳು, ಹನ್ನೊಂದನ್ನೂ ಸೇರಿಸುತ್ತ ಹೋದರೆ 211, 2311. ಎಲ್ಲವೂ ಅವಿಭಾಜ್ಯ. ಹದಿಮೂರರವರೆಗೆ ಹೋದರೆ 30031. ಗುಣಿಸಿದ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ, ಆದ್ದರಿಂದ ಇದೂ ಅವಿಭಾಜ್ಯ ಎಂದು ಸಾರಿ, ಸೀಮೆಸುಣ್ಣದ ಪುಡಿ ಕೊಡವಿಕೊಂಡೆ.

ಆ ತರಗತಿಯ ಶಬಾನ ಅದನ್ನು ಚಾರ್ಟ್ ಮಾಡಿದಳು. ಅವಳ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು; ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಅವಳ ಬೆರಳುಗಳು ಸದಾ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಆ ಬೆರಳುಗಳಿಂದಲೇ 30031 ಎಂದು ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಳು. ಚಿಂತಾಮಣಿಯ ವಸ್ತುಪ್ರದರ್ಶನಕ್ಕೆ ಚಾರ್ಟ್ ಆಯ್ಕೆಯಾಯಿತು. "ಅಲ್ಲಿ ಹೆಸರು ಬರ್ಲಿ, ಆಮೇಲೆ ನಿಮ್ಮ ಕೆಲಸದ ವಿಷಯ ನೋಡಣ" ಎಂದರು ಹೆಡ್‌ಮಾಸ್ಟರು.

ಬಸ್ಸಿನಲ್ಲಿ ಕುಳಿತ ಮೇಲೆ ನನಗೊಂದು ಅನುಮಾನ ಬಂತು. ಹದಿಮೂರರವರೆಗೆ ಸರಿ, ಅದಕ್ಕಿಂತ ದೊಡ್ಡ ಸಂಖ್ಯೆ ಯಾವುದಾದರೂ ಭಾಗಿಸಿದರೆ? ಟಿಕೆಟ್ಟಿನ ಹಿಂದೆ ಪೆನ್ಸಿಲ್ಲಿನಲ್ಲಿ ಶುರು ಮಾಡಿದೆ. ಹದಿನೇಳರಿಂದ ಭಾಗಿಸಿದರೆ ಒಂಬತ್ತು ಉಳಿಯಿತು. ಹತ್ತೊಂಬತ್ತರಿಂದ ಹನ್ನೊಂದು. ಹೀಗೇ ಸಾಗಿ ಐವತ್ತೊಂಬತ್ತರಿಂದ ಭಾಗಿಸಿದಾಗ ಏನೂ ಉಳಿಯಲಿಲ್ಲ. ಐವತ್ತೊಂಬತ್ತು ಐನೂರ ಒಂಬತ್ತಲೆ ಸರಿಯಾಗಿ 30031. ಟಿಕೆಟ್ಟನ್ನು ಮಡಚಿ ಪರ್ಸಿನೊಳಗೆ ತುರುಕಿದೆ.

"ಯಾಕ್ ಮಿಸ್, ಬೆವರ್ತಾ ಇದೀರಾ?" ಎಂದಳು ಶಬಾನ, ಸುತ್ತಿದ ಚಾರ್ಟನ್ನು ಮಗುವಿನಂತೆ ಅವಚಿಕೊಂಡು.

"ಸೆಕೆ ಕಣಮ್ಮ" ಎಂದೆ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಯಾರೂ ಭಾಗಿಸಿ ನೋಡದಿರಲಿ ಎಂದು ದಾರಿಯುದ್ದಕ್ಕೂ ದೇವರಿಗೆ ಹರಕೆ ಹೊತ್ತೆ.

ತೀರ್ಪುಗಾರರು ವಯಸ್ಸಾದವರು, ಮೆದು ಮಾತಿನವರು. ಚಾರ್ಟನ್ನು ನೋಡಿ, "ಐವತ್ತೊಂಬತ್ತರಿಂದ ಭಾಗ್ಸಮ್ಮ" ಎಂದರು. ಶಬಾನ ಭಾಗಿಸಿದಳು. ತನ್ನದೇ ತಪ್ಪಿರಬೇಕೆಂದು ಇನ್ನೊಮ್ಮೆ ಭಾಗಿಸಿದಳು. ಅವರು ನನ್ನತ್ತ ತಿರುಗಿದರು. "ನೀವು ನೋಡ್ಲಿಲ್ವಾ ಮೇಡಂ?"

ಹೆಡ್‌ಮಾಸ್ಟರ ಮಾತು ನೆನಪಾಯಿತು. "ಪೂರ್ತಿ ಪರೀಕ್ಷೆ ಮಾಡಿ ಬರಿ ಅಂತ ಹೇಳಿದ್ದೆ ಸರ್" ಎಂದುಬಿಟ್ಟೆ.

ಶಬಾನ ನನ್ನ ಮುಖ ನೋಡಿ, ಅವರತ್ತ ತಿರುಗಿದಳು. "ಹೌದು ಸರ್. ನಾನೇ ಮರ್ತೆ."

ವಾಪಸು ಬರುವಾಗ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಬೈದರೆ ಬೈಯಲಿ ಎಂದು ಕಾದೆ. ಊರು ಹತ್ತಿರವಾದಾಗ ಮೆಲ್ಲಗೆ ಕೇಳಿದಳು: "ಮಿಸ್, ನಿಮ್ಮ ಕೆಲಸಕ್ಕೆ ಏನೂ ತೊಂದ್ರೆ ಆಗಲ್ಲ ಅಲ್ವಾ?"

ಆಗಲಿಲ್ಲ. ಕಾಯಂ ಆಯಿತು, ಹಿರಿಯ ಟೀಚರೂ ಆದೆ. ಶಬಾನ ಇದೇ ಊರಿನಲ್ಲಿದ್ದಾಳೆ, ಸಿಕ್ಕಾಗಲೆಲ್ಲ ನಿಂತು ಮಾತನಾಡಿಸುತ್ತಾಳೆ. ಅವಸರವಿದ್ದವಳಂತೆ ತಪ್ಪಿಸಿಕೊಳ್ಳುವುದು ನಾನೇ. ಇವತ್ತು ಅವಳಿಗೆ ಫೋನ್ ಮಾಡಿ ಮನೆಗೆ ಬರುತ್ತೇನೆ ಎಂದೆ. "ಏನ್ ವಿಶೇಷ ಮಿಸ್?" ಎಂದಳು. ಹಳೆಯ ಹೆದರಿಕೆಯೇ ಮತ್ತೆ ಬಂತು. ಆದರೂ ಈ ಸಲ ಸೆಕೆ ಎನ್ನಲಿಲ್ಲ. "ನಿನ್ನ ಹತ್ರ ಒಂದ್ ತಪ್ಪು ಒಪ್ಕೋಬೇಕು ಕಣಮ್ಮ" ಎಂದೆ.